ಸೌದೆಮನೆಯ ಬೆಕ್ಕಿನ ಮರಿಗಳು



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವರು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶವನ್ನೋ ಕಟ್ಟಡದ ನಿಧಿಯನ್ನೋ ಕುರಿತದ್ದಾಗಿರಬೇಕೆಂದು ನೀವು ಎದುರುನೋಡುವುದು ಸಹಜವೇ. ಅವೆರಡರ ವರದಿಯೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇದೆ. ನಾವಿಲ್ಲಿ ಬರೆಯಬೇಕೆಂದಿರುವುದು ಕಳೆದ ಮಳೆಗಾಲದಲ್ಲಿ ನಮ್ಮ ವಸತಿಗೃಹದ ಸೌದೆಮನೆಯಲ್ಲಿ ಸಿಕ್ಕಿದ ಎರಡು ಬೆಕ್ಕಿನ ಮರಿಗಳ ವಿಷಯವನ್ನು. ಅವುಗಳಲ್ಲಿ ಒಂದು ನಮ್ಮ ಅಜ್ಞಾನದ ದೆಸೆಯಿಂದ ಸತ್ತಿತು, ಇನ್ನೊಂದು ಬದುಕಿತು. ಸತ್ತದ್ದು ಏಕೆ, ಬದುಕಿದ್ದು ಹೇಗೆ ಎಂಬುದನ್ನು ಕ್ರಮವಾಗಿ ತಿಳಿಸಿದರೆ ನಿಮ್ಮ ಮನೆಗಳಲ್ಲಿಯೂ ಅದು ಉಪಯೋಗಕ್ಕೆ ಬಂದೀತೆಂದು ನಂಬಿ ಇದನ್ನು ಪಾಠದ ರೂಪದಲ್ಲಿ ಬರೆದಿದ್ದೇವೆ.

ಜುಲೈ ತಿಂಗಳ ಒಂದು ಸಾಯಂಕಾಲ. ಹಗಲೆಲ್ಲಾ ಬಿಡದೆ ಸುರಿದ ಮಳೆ ಆಗತಾನೇ ಸ್ವಲ್ಪ ತಗ್ಗಿತ್ತು. ಪಾಠ ಓದಿಕೊಳ್ಳುವ ಗಂಟೆ ಹೊಡೆದ ಮೇಲೆ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಒಬ್ಬಳ ಕೈಯಲ್ಲಿ ಟವೆಲಿನ ಗಂಟೊಂದು ಇತ್ತು. ವಸತಿಗೃಹದೊಳಕ್ಕೆ ಪ್ರಾಣಿಗಳನ್ನು ತರಕೂಡದೆಂಬ ನಿಯಮವನ್ನು ಮಾಡಿದವರು ನಾವೇ ಆದುದರಿಂದ ಗದರಿಸುವುದಕ್ಕೆ ಬಾಯಿ ತೆರೆದೆವು. ಆದರೆ ಗಂಟು ಬಿಚ್ಚಿದೊಡನೆ ಮಾತು ಹೊರಡಲಿಲ್ಲ. ಒಂದು ಬೂದುಬಣ್ಣದ ಮರಿ. ಇನ್ನೊಂದು ಬಿಳಿ, ಕಪ್ಪು, ಕೆಂಚು ಈ ಮೂರು ಬಣ್ಣಗಳು ಬೆರೆತ ಮರಿ. ಎರಡೂ ತೊಯ್ದು ಮುದ್ದೆಯಾಗಿದ್ದವು. ಮೂರು ಬಣ್ಣದ ಮರಿಗೆ ಕಣ್ಣುಗಳು ಗೀಜಿನಿಂದ ಅಂಟಿಕೊಂಡಿದ್ದವು. ಮೂಗು ಕಟ್ಟಿ ಬಾಯಿಂದ ಉಸಿರಾಡುತ್ತಿತ್ತು. ಎರಡು ದಿನಗಳ ಹಿಂದೆ ನಮ್ಮ ಗೇಟಿನ ಮುಂದಣ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಬೆಕ್ಕೊಂದನ್ನು ಕಾವಲುಗಾರನು ಮಣ್ಣುಮಾಡಿದ್ದು ನಮಗೆ ಆಗ ನೆನಪಾಯಿತು.

ಬೆಕ್ಕು ಎಂದೊಡನೆ ಹಾಲು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿರುವ ಮಾತು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿತೆಂಬ ಕಥೆ ನಗೆ ಹುಟ್ಟಿಸುವುದೂ ಆ ಕಾರಣದಿಂದಲೇ. ನಾವು ಅಡಿಗೆಮನೆಯಿಂದ ಹಸುವಿನ ಹಾಲನ್ನು ತರಿಸಿ, ಬೆಚ್ಚಗೆ ಮಾಡಿ, ಹತ್ತಿಯ ಬತ್ತಿಯನ್ನು ಅದ್ದಿ, ಕೂಸಿಗೆ ಕುಡಿಸುವಂತೆ ಮರಿಗಳನ್ನು ಅಂಗಾತ ಮಲಗಿಸಿ ಬಾಯಿಗೆ ಹಿಂಡಿದೆವು. ಬೂದು ಮರಿ ಕುಡಿಯಿತು. ಮೂಗು ಕಟ್ಟಿದ್ದ ಮರಿ ತಲೆ ತಿರುಗಿಸಿ ಹಾಲನ್ನೆಲ್ಲಾ ಹೊರಕ್ಕೆ ಚೆಲ್ಲಿತು. ಕುಡಿದದ್ದು ಬದುಕುವುದು, ಕುಡಿಯದ್ದು ಬೆಳಗಿನ ತನಕ ಉಳಿಯಲಾರದು ಎಂದು ನಾವು ಹುಡುಗಿಯರಿಗೆ ಮೆಲ್ಲಗೆ ಹೇಳಿ ಮಲಗಲು ಕಳುಹಿಸಿದೆವು. ಬೆಳಗಾದಾಗ ಕುಡಿದ ಮರಿಯೇ ಸತ್ತುಬಿದ್ದಿತ್ತು. ಅದರ ಮೂಗಿನ ತುದಿಯಲ್ಲಿ ಹಾಲು ಕಟ್ಟಿಕೊಂಡಿತ್ತು.

ಗಂಟನ್ನು ತಂದಿದ್ದ ಹುಡುಗಿಯು ಅಳಲಿಲ್ಲ. “ಅಮ್ಮಾ, ನಾವು ಹಾಲು ಕೊಟ್ಟೆವಲ್ಲ, ಮತ್ತೆ ಯಾಕೆ ಸತ್ತಿತು?” ಎಂದು ಮಾತ್ರ ಕೇಳಿದಳು. ಇಪ್ಪತ್ತು ವರುಷ ಪಾಠ ಹೇಳಿದ ನಮ್ಮಲ್ಲಿ ಉತ್ತರವಿರಲಿಲ್ಲ. ಉಳಿದ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಆ ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಪಶುಚಿಕಿತ್ಸಾಲಯಕ್ಕೆ ಹೋದೆವು. ವೈದ್ಯರು ಎಲ್ಲವನ್ನೂ ಕೇಳಿ, “ಹಾಲು ಕೊಡುವ ಮೊದಲು ಮೈ ಮುಟ್ಟಿ ನೋಡಿದ್ದಿರಾ?” ಎಂದರು. ನೋಡಿದ್ದೆವು, ತಣ್ಣಗಿತ್ತು, ತಣ್ಣಗಿದ್ದುದರಿಂದಲೇ ಬೇಗನೆ ಹಾಲು ಕೊಟ್ಟೆವು ಎಂದೆವು. “ಅಲ್ಲಿಯೇ ತಪ್ಪಿತು” ಎಂದು ಅವರು ಹೇಳಿದರು. ಆ ದಿನದಿಂದ ಅವರು ಕಲಿಸಿದ್ದನ್ನೂ, ತರುವಾಯ ನಾವು ಓದಿ ಮಾಡಿ ತಿಳಿದುಕೊಂಡದ್ದನ್ನೂ ಮುಂದೆ ಬರೆಯುತ್ತೇವೆ.

೧. ತಾಯಿ ಇದೆಯೇ ಎಂದು ನೋಡತಕ್ಕದ್ದು

ಒಂಟಿಯಾಗಿ ಕಂಡ ಮರಿಯೆಲ್ಲಾ ಅನಾಥವಲ್ಲ. ತಾಯಿಬೆಕ್ಕು ಆಹಾರ ಹುಡುಕುತ್ತಾ ಕೆಲವು ತಾಸುಗಳ ಕಾಲ ಹೊರಗೆ ಇರುವುದುಂಟು. ಮರಿಗಳನ್ನು ಒಂದೊಂದಾಗಿ ಬೇರೆ ಸ್ಥಳಕ್ಕೆ ಸಾಗಿಸುವುದೂ ಉಂಟು. ಮರಿಯ ಮೈ ಶುಚಿಯಾಗಿಯೂ ಬೆಚ್ಚಗೂ ಇದ್ದು, ಹೊಟ್ಟೆ ದುಂಡಗಿದ್ದು, ಅದು ಸುಮ್ಮನೆ ನಿದ್ರಿಸುತ್ತಿದ್ದರೆ ತಾಯಿ ಹತ್ತಿರದಲ್ಲಿಯೇ ಇದೆಯೆಂದು ತಿಳಿದು, ದೂರದಿಂದ ಕಾದು ನೋಡಬೇಕು. ಮನುಷ್ಯರು ಕಾಪಾಡಲು ಹೋಗಿ ತಾಯಿಯಿಂದ ಅಗಲಿಸಿದರೆ ಅದು ಉಪಕಾರವಾಗದು. ಮರಿ ತಣ್ಣಗಿದ್ದರೆ, ಎಡೆಬಿಡದೆ ಕೂಗುತ್ತಿದ್ದರೆ, ಕೊಳೆಯಾಗಿದ್ದರೆ, ಕಣ್ಣು ಮೂಗುಗಳಲ್ಲಿ ರೋಗವಿದ್ದರೆ ಮಾತ್ರ ಕೈಹಾಕಬೇಕು.

೨. ಮೊದಲು ಬಿಸಿ, ಆಮೇಲೆ ಹಾಲು

ಇದೇ ಈ ಪಾಠದ ಮುಖ್ಯಾಂಶ. ಬೆಳೆದ ಬೆಕ್ಕಿನ ಮೈಬಿಸಿ ೩೮ರಿಂದ ೩೯ ಡಿಗ್ರಿ ಸೆಲ್ಸಿಯಸ್. ಎಳೆಯ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಾಯಿಯ ಹೊಟ್ಟೆಯೂ ಒಡಹುಟ್ಟಿದವುಗಳ ಮೈಯೂ ಅದಕ್ಕೆ ಒಲೆ. ಮೈಬಿಸಿಯು ೩೫ ಡಿಗ್ರಿಗೂ ಕೆಳಗೆ ಇಳಿದರೆ ಹೊಟ್ಟೆ ಕರುಳುಗಳ ಚಲನೆ ಬಹಳ ಕುಗ್ಗಿಹೋಗುತ್ತದೆ. ನುಂಗುವ ಶಕ್ತಿಯೂ ಕುಂದುತ್ತದೆ. ಆಗ ಕೊಟ್ಟ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಕೆಡುತ್ತದೆ, ಇಲ್ಲವೆ ಶ್ವಾಸನಾಳಕ್ಕೆ ಇಳಿಯುತ್ತದೆ. ನಮ್ಮ ಬೂದು ಮರಿಗೆ ಆದದ್ದು ಇದೇ. ಇನ್ನೊಂದು ಮರಿಯು ನಮ್ಮ ಹಾಲನ್ನು ಚೆಲ್ಲಿದ್ದರಿಂದಲೇ ಉಳಿದುಕೊಂಡಿತ್ತು.

ಆದಕಾರಣ ಮೊದಲು ಮರಿಯನ್ನು ಒರಸಿ ಒಣಗಿಸಬೇಕು. ಬಿಸಿನೀರು ತುಂಬಿದ ಸೀಸೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದು ಬದಿಯಲ್ಲಿ ಇಟ್ಟು, ಇನ್ನೊಂದು ಬದಿಯನ್ನು ಬರಿದಾಗಿ ಬಿಡಬೇಕು. ಸೆಕೆಯಾದರೆ ಮರಿ ಅತ್ತ ಸರಿದುಕೊಳ್ಳಲು ಸ್ಥಳವಿರಬೇಕು. ಬೇಗ ಬಿಸಿಮಾಡುವ ಆತುರದಿಂದ ಒಲೆಯ ಬಳಿ ಇಡಕೂಡದು. ಮೈಯೂ ಬಾಯಿಯ ಒಳಭಾಗವೂ ಬೆಚ್ಚಗಾಗಲು ಒಂದೆರಡು ತಾಸು ಹಿಡಿದರೂ ಕಾಯಲೇಬೇಕು. ಹಸಿದ ಜೀವದ ಮುಂದೆ ಹಾಲನ್ನು ಇಟ್ಟುಕೊಂಡು ಕಾಯುವುದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು.

೩. ಯಾವ ಹಾಲು, ಎಷ್ಟು, ಹೇಗೆ

ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನು ಹಸುವಿನ ಹಾಲಿನಲ್ಲಿರುವುದರ ಸುಮಾರು ಎರಡು ಪಾಲು, ಕೊಬ್ಬೂ ಹೆಚ್ಚು. ಹಸುವಿನ ಹಾಲಿನಿಂದ ಮರಿಗೆ ಬೇಕಾದಷ್ಟು ಪುಷ್ಟಿ ಸಿಕ್ಕುವುದಿಲ್ಲ, ಅನೇಕವೇಳೆ ಭೇದಿಯೂ ಆಗುತ್ತದೆ. ಎಳೆಯ ಮರಿಗೆ ಭೇದಿಯೆಂದರೆ ನೀರು ಬತ್ತಿ ಪ್ರಾಣಕ್ಕೇ ಅಪಾಯ. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಈಗ ಪಟ್ಟಣಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿಯೇ ಕಲಸಬೇಕು.

ಮರಿಯ ಹೊಟ್ಟೆಯಲ್ಲಿ ೧೦೦ ಗ್ರಾಮು ತೂಕಕ್ಕೆ ೪ರಿಂದ ೫ ಮಿಲಿಲೀಟರಿನಷ್ಟು ಮಾತ್ರ ಹಿಡಿಯುತ್ತದೆ. ನಮ್ಮ ಮರಿಯನ್ನು ವಿಜ್ಞಾನ ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿದಾಗ ೨೧೦ ಗ್ರಾಮು ಇತ್ತು. ಆದುದರಿಂದ ಒಂದು ಸಲಕ್ಕೆ ೯ ಮಿಲಿಲೀಟರು, ಮೂರು ತಾಸಿಗೊಮ್ಮೆ, ರಾತ್ರಿಯೂ ಬಿಡದಂತೆ, ಸೂಜಿಯಿಲ್ಲದ ಸಿರಿಂಜಿನಿಂದ ಕೊಡಬೇಕೆಂದು ವೈದ್ಯರು ಗೊತ್ತುಮಾಡಿದರು. ಮರಿಯನ್ನು ಎಂದಿಗೂ ಅಂಗಾತ ಮಲಗಿಸಿ ಕುಡಿಸಕೂಡದು. ತಾಯಿಯ ಬಳಿ ಕುಡಿಯುವಂತೆಯೇ ಅದು ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಎತ್ತಿ ಇರಬೇಕು. ಹನಿಹನಿಯಾಗಿ, ಅದು ನುಂಗಿದ ಮೇಲೆ ಮುಂದಿನ ಹನಿ. ಕೂಸನ್ನು ಎತ್ತಿಕೊಳ್ಳುವ ರೀತಿ ಬೇರೆ, ಬೆಕ್ಕಿನ ಮರಿಯನ್ನು ಹಿಡಿಯುವ ರೀತಿ ಬೇರೆ ಎಂಬುದನ್ನು ನಾವು ತಡವಾಗಿ ಕಲಿತೆವು.

ಮೂರು ವಾರದೊಳಗಿನ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ತಾಯಿಯಿಲ್ಲದಾಗ ಪ್ರತಿ ಸಲ ಹಾಲಿನ ತರುವಾಯ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಆ ಭಾಗವನ್ನು ಮೃದುವಾಗಿ ಒರಸಬೇಕು. ಈ ಕೆಲಸಕ್ಕೆ ನಾಚಿದ ಹುಡುಗಿಯರು ಮೊದಲು ಕೆಲವರಿದ್ದರು. ಮೂರನೆಯ ದಿನಕ್ಕೆ ಯಾರೂ ಇರಲಿಲ್ಲ.

೪. ಕಣ್ಣು, ಮೂಗು, ಚಿಗಟ, ಮದ್ದು

ಬೀದಿಯ ಮರಿಗಳ ಕಣ್ಣುಮೂಗಿನ ರೋಗಕ್ಕೆ ಬಹಳ ಮಟ್ಟಿಗೆ ಎರಡು ಬಗೆಯ ವೈರಸ್‌ಗಳು ಕಾರಣ: ಹರ್ಪಿಸ್, ಕ್ಯಾಲಿಸಿ. ಅವುಗಳ ಜೊತೆ ಬ್ಯಾಕ್ಟೀರಿಯಗಳೂ ಸೇರಿದರೆ ಕಣ್ಣು ಹೋಗುವುದೂ ಉಂಟು. ಕುದಿಸಿ ಆರಿಸಿದ ಅರ್ಧ ಲೀಟರು ನೀರಿಗೆ ಒಂದು ಮಟ್ಟ ಟೀ ಚಮಚ ಉಪ್ಪನ್ನು ಕರಗಿಸಿ, ಹತ್ತಿಯನ್ನು ಅದ್ದಿ, ಗೀಜು ತಾನಾಗಿ ಮೆತ್ತಗಾಗುವ ತನಕ ಇಟ್ಟು ಒರಸಬೇಕು. ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ರೆಪ್ಪೆಗಳನ್ನು ಎಳೆದು ಬಿಡಿಸಕೂಡದು. ಕಣ್ಣಿಗೆ ಹಾಕುವ ಔಷಧಿಯನ್ನು ವೈದ್ಯರೇ ಕೊಡಬೇಕು. ಮೂಗನ್ನು ಶುಚಿಮಾಡುವುದೂ ಅಷ್ಟೇ ಅಗತ್ಯ, ಏಕೆಂದರೆ ವಾಸನೆ ಹತ್ತದ ಬೆಕ್ಕು ಆಹಾರವನ್ನು ಮುಟ್ಟುವುದಿಲ್ಲ.

ನಮ್ಮ ಅಡಿಗೆಯವರು ಮರುಕದಿಂದ ನೀಲಗಿರಿ ಎಣ್ಣೆಯ ಸೀಸೆಯನ್ನು ತಂದರು. ವೈದ್ಯರ ಎಚ್ಚರಿಕೆಯಿದ್ದುದರಿಂದ ನಾವು ಅದನ್ನು ತಡೆದೆವು. ಬೆಕ್ಕಿನ ಯಕೃತ್ತಿಗೆ ಕೆಲವು ಪದಾರ್ಥಗಳನ್ನು ಒಡೆದು ಹೊರಕ್ಕೆ ಹಾಕುವ ಶಕ್ತಿ ಮನುಷ್ಯರಿಗಿಂತ ಬಹಳ ಕಡಿಮೆ. ನೀಲಗಿರಿ ಎಣ್ಣೆ ಅದಕ್ಕೆ ವಿಷ. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಗುಳಿಗೆ ಒಂದೇ ಒಂದು ಸಾಕು, ಬೆಳೆದ ಬೆಕ್ಕು ಸತ್ತೀತು. ನೆಲ ತೊಳೆಯುವ ಫಿನೈಲೂ ಹಾನಿಕರ. ನಾಯಿಗಳ ಚಿಗಟಕ್ಕೆ ಮಾರುವ, ಪರ್ಮೆಥ್ರಿನ್ ಎಂಬ ಪದಾರ್ಥವುಳ್ಳ ಔಷಧಿಯನ್ನು ಬೆಕ್ಕಿನ ಮೇಲೆ ಹಾಕಲೇಕೂಡದು. ಚಿಗಟಗಳು ಎಳೆಯ ಮರಿಯ ರಕ್ತವನ್ನು ಹೀರಿ ಕೊಲ್ಲಬಲ್ಲವೆಂಬುದೂ ನಿಜವೇ; ಒಸಡು ಬಿಳಿಚಿಕೊಂಡಿದ್ದರೆ ಅದು ರಕ್ತಹೀನತೆಯ ಗುರುತು. ನಮ್ಮ ಹುಡುಗಿಯರು ಹೊಸದೊಂದು ಸೀರಣಿಗೆಯಿಂದ ದಿನಕ್ಕೆ ಎರಡು ಸಲ ಬಾಚಿ, ಚಿಗಟಗಳನ್ನು ಸೋಪಿನ ನೀರಿನಲ್ಲಿ ಮುಳುಗಿಸಿ, ಐದು ದಿನಗಳಲ್ಲಿ ಮರಿಯ ಮೈಯನ್ನು ಶುದ್ಧಮಾಡಿದರು. ತಾಯಿಯ ಹಾಲಿನಿಂದಲೇ ಮರಿಗಳಿಗೆ ಜಂತುಹುಳು ಹತ್ತುವುದರಿಂದ ಅದರ ಔಷಧಿಯನ್ನು ವೈದ್ಯರು ತೂಕ ನೋಡಿ ಕೊಟ್ಟರು.

೫. ತೂಕದ ಪುಸ್ತಕ

ಹುಟ್ಟಿದಾಗ ಬೆಕ್ಕಿನ ಮರಿಯ ತೂಕ ಸುಮಾರು ೧೦೦ ಗ್ರಾಮು. ಆರೋಗ್ಯವಾಗಿದ್ದರೆ ದಿನಕ್ಕೆ ೧೦ರಿಂದ ೧೫ ಗ್ರಾಮು ಏರುತ್ತದೆ. ಕಣ್ಣು ತೆರೆಯುವುದು ೭ರಿಂದ ೧೪ ದಿನಗಳೊಳಗೆ. ಮುಂದಿನ ಸಣ್ಣ ಹಲ್ಲುಗಳು ಕಾಣುವುದು ಸುಮಾರು ಮೂರನೆಯ ವಾರದಲ್ಲಿ. ನಮ್ಮ ಮರಿಯ ಒಸಡಿನಲ್ಲಿ ಆ ಹಲ್ಲುಗಳು ಆಗತಾನೇ ಮೊಳೆತಿದ್ದುದರಿಂದ ಅದರ ವಯಸ್ಸು ಮೂರು ವಾರವೆಂದೂ, ತೂಕವು ಬಹಳ ಕಡಿಮೆಯೆಂದೂ ತಿಳಿಯಿತು.

ಒಂದು ಪುಸ್ತಕದಲ್ಲಿ ಗಂಟೆ, ಕುಡಿದ ಹಾಲು, ತೂಕ ಇವುಗಳನ್ನು ಬರೆಯುವ ಏರ್ಪಾಡು ಮಾಡಿದೆವು. ಮೂರನೆಯ ದಿನ ೨೦೬ ಗ್ರಾಮು. ನಾಲ್ಕನೆಯ ದಿನ ೨೨೨. ಐದನೆಯ ದಿನ ೨೩೫. ಆರನೆಯ ದಿನ ಬೆಳಿಗ್ಗೆ ೨೩೧. ಪುಸ್ತಕದಲ್ಲಾದರೋ ರಾತ್ರಿಯ ಎಲ್ಲಾ ಸರದಿಗಳಲ್ಲಿಯೂ “೯ ಮಿ. ಲೀ. ಕುಡಿಯಿತು” ಎಂದು ಬರೆದಿತ್ತು. ನಾವು ಯಾರನ್ನೂ ಬೈಯಲಿಲ್ಲ. ಹುಡುಗಿಯರನ್ನು ಕೂಡಿಸಿ, ಬೂದು ಮರಿಯನ್ನು ಕೊಂದದ್ದು ನಮ್ಮದೇ ತಪ್ಪೆಂದೂ, ಅದನ್ನು ಮುಚ್ಚಿಟ್ಟಿದ್ದರೆ ಈ ಮರಿಯೂ ಉಳಿಯುತ್ತಿರಲಿಲ್ಲವೆಂದೂ ಹೇಳಿದೆವು. ಸಾಯಂಕಾಲ ಒಬ್ಬಳು ಬಂದು, ರಾತ್ರಿ ಎರಡು ಗಂಟೆಗೂ ಐದು ಗಂಟೆಗೂ ತನಗೆ ಎಚ್ಚರವಾಗಲಿಲ್ಲವೆಂದೂ, ಬೆಳಿಗ್ಗೆ ಹೆದರಿ ಹಾಗೆ ಬರೆದೆನೆಂದೂ ಒಪ್ಪಿಕೊಂಡಳು. ಆ ಎರಡು ಸಾಲುಗಳನ್ನು ಅವಳೇ ಹೊಡೆದುಹಾಕಿ “ಕೊಡಲಿಲ್ಲ” ಎಂದು ಬರೆದು ಸಹಿ ಮಾಡಿದಳು. ಅಂದಿನಿಂದ ರಾತ್ರಿಯ ಸರದಿಗೆ ಇಬ್ಬಿಬ್ಬರನ್ನು ನೇಮಿಸಿದೆವು. ಎರಡು ಗಂಟೆಯ ಸರದಿಯನ್ನು ನಾವೇ ತೆಗೆದುಕೊಂಡೆವು. ಹದಿನಾಲ್ಕನೆಯ ದಿನ ತಕ್ಕಡಿ ೩೪೦ ಗ್ರಾಮು ತೋರಿಸಿತು.

೬. ಹಲ್ಲು ಬಂದ ಮೇಲಿನ ಆಹಾರ

ನಾಲ್ಕನೆಯ ವಾರದಿಂದ ಮೆತ್ತನೆಯ ಆಹಾರವನ್ನು ಹಾಲಿನೊಡನೆ ಕಲಸಿ ನೆಕ್ಕಿಸಬಹುದು. ಏಳೆಂಟು ವಾರಗಳಲ್ಲಿ ಹಾಲು ಬಿಡಿಸಬಹುದು. ಇಲ್ಲಿ ಮಾತಾಪಿತೃಗಳು ಗಮನಿಸಬೇಕಾದ ಸಂಗತಿಯೊಂದುಂಟು. ಅನ್ನ ಮೊಸರುಗಳಿಂದಲೇ ಬೆಕ್ಕನ್ನು ಸಾಕುವ ಮನೆಗಳು ನಮ್ಮಲ್ಲಿ ಬಹಳ. ಅಂಥಾ ಬೆಕ್ಕು ಇಲಿ ಹಿಡಿದು ತಿನ್ನುವುದರಿಂದ ಬದುಕುತ್ತದೆಯೇ ಹೊರತು ಅನ್ನದಿಂದಲ್ಲ. ಬೆಕ್ಕಿಗೆ ಟಾರೀನ್ ಎಂಬ ಪದಾರ್ಥವು ಮಾಂಸ ಮೀನುಗಳಿಂದಲೇ ಬರಬೇಕು. ತನ್ನ ದೇಹದಲ್ಲಿ ಸಾಕಾಗುವಷ್ಟು ಅದು ಮಾಡಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಒಳಪರದೆ ಕೆಡುತ್ತದೆಂದು ೧೯೭೫ರಲ್ಲಿಯೂ, ಹೃದಯದ ಸ್ನಾಯು ಸೋಲುತ್ತದೆಂದು ೧೯೮೭ರಲ್ಲಿಯೂ ವಿಜ್ಞಾನಿಗಳು ಪ್ರಕಟಿಸಿದರು. ಬೆಕ್ಕು ತರಕಾರಿಯಿಂದ ಎ ಜೀವಸತ್ತ್ವವನ್ನೂ ಮಾಡಿಕೊಳ್ಳಲಾರದು. ಮನೆಯಲ್ಲಿ ಮೀನು ಮಾಂಸ ಬೇಯಿಸದವರು ಬೆಕ್ಕಿಗಾಗಿ ತಯಾರಿಸಿದ ಆಹಾರವನ್ನು ಕೊಂಡುತರುವುದು ಯುಕ್ತ. ನಾವು ನಮ್ಮ ಮರಿಗೆ ಆ ಆಹಾರವನ್ನೂ, ಜೊತೆಗೆ ಉಪ್ಪು ಮಸಾಲೆಯಿಲ್ಲದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನನ್ನು ಸ್ವಲ್ಪ ಸ್ವಲ್ಪವಾಗಿಯೂ ಕೊಟ್ಟೆವು.

೭. ಮಕ್ಕಳ ರಕ್ಷಣೆ

ಮೊದಲನೆಯ ವಾರದಲ್ಲಿ ಮರಿಯು ಇಬ್ಬರು ಹುಡುಗಿಯರ ಕೈಗಳನ್ನು ಪರಚಿತು. ವೈದ್ಯರು ಅವರನ್ನು ಕೂಡಲೆ ಆಸ್ಪತ್ರೆಗೆ ಕಳುಹಿಸಲು ಹೇಳಿದರು. ಇಬ್ಬರಿಗೂ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಲಾಯಿತು. ಇದನ್ನು ಕೇಳಿ ಒಬ್ಬ ತಂದೆಯವರು, “ಬೀದಿಬೆಕ್ಕಿಗೋಸ್ಕರ ನಮ್ಮ ಮಗಳಿಗೆ ಸೂಜಿ ಚುಚ್ಚಿಸಿದಿರಾ?” ಎಂದು ಕಾಗದ ಬರೆದರು. ಅವರ ಕೋಪ ನ್ಯಾಯವಾದದ್ದೇ. ಮಕ್ಕಳ ಕೈಗೆ ಮರಿಯನ್ನು ಕೊಡುವ ಮೊದಲು ನಾವು ಇದನ್ನು ಯೋಚಿಸಬೇಕಾಗಿತ್ತು, ಯೋಚಿಸಲಿಲ್ಲ. ಅವರ ಕ್ಷಮೆಯನ್ನು ಕೇಳಿದ್ದೇವೆ. ಈ ಪುಟದಲ್ಲಿಯೂ ಕೇಳುತ್ತೇವೆ.

ಆದರೆ ಲಸಿಕೆ ಹಾಕಿಸಿದ್ದು ತಪ್ಪಲ್ಲ. ಆ ರೋಗವು ನಾಯಿಗಳಿಂದ ಮಾತ್ರವಲ್ಲದೆ ಬೆಕ್ಕುಗಳಿಂದಲೂ ಹರಡುತ್ತದೆ. ಲಕ್ಷಣಗಳು ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಲಸಿಕೆಯಿಂದ ತಡೆಯಬಹುದು. ೧೮೮೫ರಲ್ಲಿ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ ಬಾಲಕನಿಗೆ ಚಿಕಿತ್ಸೆ ಮಾಡಿದಂದಿನಿಂದ ಈ ದಾರಿ ತೆರೆದಿದೆ. ಗುರುತಿಲ್ಲದ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಕೂಡದು. ಮರಿಯನ್ನು ಮುಟ್ಟುವವರು ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿಯಬೇಕು, ಕೈ ತೊಳೆಯಬೇಕು. ಗರ್ಭಿಣಿಯಾದ ಪೂರ್ವ ವಿದ್ಯಾರ್ಥಿನಿಯರು ಬೆಕ್ಕಿನ ಮಲವನ್ನು ತೆಗೆಯುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಬೇಕು. ಅದರಿಂದ ಹತ್ತುವ ಟಾಕ್ಸೊಪ್ಲಾಸ್ಮ ಎಂಬ ರೋಗಾಣು ಹೊಟ್ಟೆಯಲ್ಲಿರುವ ಶಿಶುವಿಗೆ ಕೇಡು ಮಾಡೀತು.

೮. ಮೂರು ಬಣ್ಣದ ಮರಿ ಹೆಣ್ಣೇ

ಮರಿಯು ಗಂಡೋ ಹೆಣ್ಣೋ ಎಂದು ಹುಡುಗಿಯರು ಕೇಳಿದಾಗ ವಿಜ್ಞಾನದ ಉಪಾಧ್ಯಾಯಿನಿಯು ಬಣ್ಣ ನೋಡಿಯೇ ಹೆಣ್ಣೆಂದರು. ಬೆಕ್ಕಿನ ಕೆಂಚು ಬಣ್ಣವನ್ನು ನಿರ್ಣಯಿಸುವ ಜೀನು ಎಕ್ಸ್ ಎಂಬ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಹೆಣ್ಣಿನ ಪ್ರತಿಯೊಂದು ಜೀವಕೋಶದಲ್ಲಿಯೂ ಎರಡರಲ್ಲೊಂದು ಎಕ್ಸ್ ಸುಮ್ಮನಾಗುತ್ತದೆಂಬುದನ್ನು ೧೯೬೧ರಲ್ಲಿ ಮೇರಿ ಲಯನ್ ಎಂಬ ಇಂಗ್ಲಿಷ್ ಮಹಿಳೆ ಪ್ರತಿಪಾದಿಸಿದರು. ಆದುದರಿಂದಲೇ ಒಂದೇ ಮೈಯಲ್ಲಿ ಕೆಲವೆಡೆ ಕೆಂಚು, ಕೆಲವೆಡೆ ಕಪ್ಪು. ಅಂಥಾ ಬೆಕ್ಕು ಗಂಡಾಗಿರುವುದು ಅತ್ಯಪೂರ್ವ.

ಹೆಣ್ಣೆಂದು ತಿಳಿದ ಮೇಲೆ ಇನ್ನೊಂದು ಕರ್ತವ್ಯವಿತ್ತು. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು. ಸುಮಾರು ಒಂಬತ್ತು ವಾರಗಳಲ್ಲಿ ಈಯುತ್ತದೆ. ಒಂದು ಮರಿಯನ್ನು ಕಾಪಾಡಿ, ಮರುವರುಷ ಅದೇ ಸೌದೆಮನೆಯಲ್ಲಿ ಹತ್ತು ಮರಿಗಳು ನೆನೆದು ಸಾಯುವುದಕ್ಕೆ ಬಿಡುವುದಾದರೆ ನಮ್ಮ ರಾತ್ರಿಯ ಸರದಿಗಳೆಲ್ಲಾ ಏಕೆ? ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನೂ, ಐದನೆಯ ತಿಂಗಳಲ್ಲಿ ಸಂತಾನಹರಣದ ಶಸ್ತ್ರಕ್ರಿಯೆಯನ್ನೂ ಮಾಡಿಸಿದೆವು. ಅದರ ಖರ್ಚಿಗೆ ಹುಡುಗಿಯರು ಶಾಲೆಯ ಮಾರಾಟದ ದಿನ ಕಸೂತಿಯ ಕರವಸ್ತ್ರಗಳನ್ನು ಮಾರಿ ಹಣ ಕೂಡಿಸಿದರು.

ಬೆಕ್ಕು ಈಗ ನಮ್ಮ ಅಕ್ಕಿಯ ಉಗ್ರಾಣದಲ್ಲಿ ವಾಸವಾಗಿದೆ. ಎಡಗಣ್ಣಿನ ಮೇಲೆ ಸಣ್ಣದೊಂದು ಬಿಳಿಯ ಕಲೆ ಉಳಿದಿದೆ. ವಸತಿಗೃಹದ ನಿಯಮವು ಮೊದಲಿನಂತೆಯೇ ಇದೆ. ಆದರೆ ಅದರ ಕೆಳಗೆ, ಗಾಯಗೊಂಡ ಪ್ರಾಣಿ ಕಂಡರೆ ಮುಟ್ಟದೆ ಬಂದು ಹಿರಿಯರಿಗೆ ತಿಳಿಸತಕ್ಕದ್ದು ಎಂಬ ಒಂದು ಸಾಲನ್ನು ಸೇರಿಸಿದ್ದೇವೆ. ಬೂದು ಮರಿಯನ್ನು ಪೇರಲೆ ಮರದ ಕೆಳಗೆ ಹೂಳಿದ್ದೇವೆ. ಪ್ರಶ್ನೆ ಕೇಳಿದ ಹುಡುಗಿಯು ವಿಜ್ಞಾನದ ಪುಸ್ತಕದಲ್ಲಿ ಆ ಪ್ರಶ್ನೆಯನ್ನು ಬರೆದು, ಅದರ ಕೆಳಗೆ ತಾನೇ ಉತ್ತರವನ್ನೂ ಬರೆದಿದ್ದಾಳೆ: “ಅದಕ್ಕೆ ಹಸಿವಿಗಿಂತ ಮೊದಲು ಚಳಿಯಾಗಿತ್ತು, ನಾವು ಅದನ್ನು ತಿಳಿಯಲಿಲ್ಲ.”

ಪ್ರತಿ ಜೂನ್ ತಿಂಗಳಲ್ಲಿ ಮನೆಯನ್ನು ಮೊದಲ ಸಲ ಬಿಟ್ಟು ನಮ್ಮ ವಸತಿಗೃಹಕ್ಕೆ ಬರುವ ಚಿಕ್ಕ ಹುಡುಗಿಯರಿಗೆ ನಾವು ಎರಡನೆಯ ದಿನವೇ ಗಣಿತದ ಪರೀಕ್ಷೆಯನ್ನು ಇಡುತ್ತಿದ್ದೆವು. ನಿಮ್ಮಲ್ಲಿ ಅನೇಕರಿಗೆ ಆ ಪರೀಕ್ಷೆಯೂ ಅದರ ಹಿಂದಿನ ರಾತ್ರಿಯ ಅಳುವೂ ನೆನಪಿರಬಹುದು. ಈ ವರುಷ ಅದನ್ನು ಮೂರನೆಯ ವಾರಕ್ಕೆ ಮುಂದೂಡಿದ್ದೇವೆ. ಮೊದಲನೆಯ ವಾರ ಅವರು ದೊಡ್ಡ ಹುಡುಗಿಯರ ಪಕ್ಕದಲ್ಲಿ ಮಲಗಲಿ, ಹಿತ್ತಿಲನ್ನು ನೋಡಲಿ, ಉಗ್ರಾಣದ ಬೆಕ್ಕಿನ ಪರಿಚಯ ಮಾಡಿಕೊಳ್ಳಲಿ ಎಂದು ಉಪಾಧ್ಯಾಯಿನಿಯರೆಲ್ಲರೂ ಕೂಡಿ ಗೊತ್ತುಮಾಡಿದೆವು. ನೀವು ಶಾಲೆಗೆ ಬಂದಾಗ ಉಗ್ರಾಣದ ಬಾಗಿಲಲ್ಲಿ ಆ ಬೆಕ್ಕನ್ನು ಕಾಣುವಿರಿ; ತೂಕದ ಪುಸ್ತಕವು ನಮ್ಮ ಕೋಣೆಯಲ್ಲಿದೆ, ಕೇಳಿದವರಿಗೆ ತೋರಿಸುತ್ತೇವೆ.